ಗೆಳತಿಯ ಮೊಣಕಾಲು, ನನ್ನ ನೆವ

ಅಮೆರಿಕದ ಜಾರ್ಜಿಯಾ ರಾಜ್ಯದ ಉತ್ತರ ಭಾಗದ ಕಾಡಿನಲ್ಲಿ ಸ್ಪ್ರಿಂಗರ್ ಎಂಬ ಬೆಟ್ಟವಿದೆ. ಅದರ ನೆತ್ತಿಯ ಬಂಡೆಯ ಮೇಲೆ ಒಂದು ಕಂಚಿನ ಫಲಕ, ಅಲ್ಲೇ ಬಿಳಿ ಬಣ್ಣದ ಒಂದು ಪಟ್ಟಿ. ಪಟ್ಟಿಯ ಅಗಲ 5 ಸೆಂ.ಮೀ., ಉದ್ದ 15 ಸೆಂ.ಮೀ. ಮರಗಳ ಕಾಂಡದ ಮೇಲೆ, ಬಂಡೆಗಳ ಮೇಲೆ ಬಳಿದಿರುವ ಇಂಥವೇ ಪಟ್ಟಿಗಳನ್ನು ಹಿಂಬಾಲಿಸುತ್ತ ಉತ್ತರಕ್ಕೆ ನಡೆದರೆ 14 ರಾಜ್ಯಗಳನ್ನು ದಾಟಿ, ಸುಮಾರು 3,500 ಕಿ.ಮೀ. ಕ್ರಮಿಸಿ, ಮೇಯ್ನ್ ರಾಜ್ಯದ ಕಟಾಡಿನ್ ಶಿಖರವನ್ನು ತಲುಪಬಹುದು. ಇದು ಅಪಲೇಶಿಯನ್ ಟ್ರೇಲ್. ಇದನ್ನು 12 ತಿಂಗಳೊಳಗೆ ಪೂರ್ತಿ ನಡೆದು ಮುಗಿಸುವುದಕ್ಕೆ ಅಲ್ಲಿಯವರು ಥ್ರೂ-ಹೈಕ್ ಎನ್ನುತ್ತಾರೆ. ಆದ್ಯಂತ ಚಾರಣ ಎಂದು ನಾವು ಕರೆಯಬಹುದು. ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ವಸಂತದಲ್ಲಿ ಹೊರಡುವ ನಾಲ್ವರಲ್ಲಿ ಸುಮಾರಾಗಿ ಒಬ್ಬರು ಮಾತ್ರ ಕೊನೆ ಮುಟ್ಟುತ್ತಾರೆ.

2023ರ ಏಪ್ರಿಲ್ 4ರ ಬೆಳಿಗ್ಗೆ ಆ ಬಂಡೆಯ ಮೇಲೆ ನಿಂತಿದ್ದ ಹತ್ತಾರು ಮಂದಿಯಲ್ಲಿ ನಾವಿಬ್ಬರೂ ಇದ್ದೆವು. ನನಗೆ ಅರವತ್ತು, ನನ್ನ ಗೆಳತಿಗೆ ಅರವತ್ತೊಂದು. 1981ರಲ್ಲಿ ಮೈಸೂರಿನ ಹಾಸ್ಟೆಲೊಂದರ ಒಂದೇ ಕೋಣೆಯಲ್ಲಿ ಇದ್ದವರು ನಾವು. ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸವಿತ್ತು. ಹೊರಡಿಸುವವಳು ಅವಳು, ಹಿಂದೆ ಹೋಗುವವಳು ನಾನು. ಯಾವ ಸಿನಿಮಾ, ಯಾವ ಪರೀಕ್ಷೆ, ಯಾವ ಬಣ್ಣದ ಸೀರೆ ಎಂಬುದನ್ನೆಲ್ಲ ಅವಳೇ ತೀರ್ಮಾನಿಸುತ್ತಿದ್ದಳು. ಮದುವೆಯಾಗಿ ಅಟ್ಲಾಂಟಾ ಸಮೀಪದ ಊರಿಗೆ ಹೋಗಿ ನೆಲೆಸಿದಳು. ನಾನು ಬ್ಯಾಂಕಿನ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಳಾದೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ವಯಸ್ಸಿನವರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸ್ತವ್ಯಕ್ಕೆ ಮುದ್ರೆ ಬೀಳುತ್ತದೆ. ಆ ಆರು ತಿಂಗಳು ಬಾಣಂತನದಲ್ಲೋ ಮೊಮ್ಮಗುವಿನ ಪಾಲನೆಯಲ್ಲೋ ಕಳೆಯುವುದು ವಾಡಿಕೆ. ‘ನಿನಗೆ ಅಲ್ಲಿ ಬಾಣಂತನವೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಆರು ತಿಂಗಳು ನನಗೆ ಕೊಡು ಕಣೇ’ ಎಂದು ಅವಳು ಫೋನಿನಲ್ಲಿ ಕೇಳಿದಾಗ ಯಥಾಪ್ರಕಾರ ಒಪ್ಪಿದೆ. ಯುಗಾದಿಯ ಒಬ್ಬಟ್ಟು ಮುಗಿಸಿ ವಿಮಾನ ಹತ್ತಿದೆ.

ಏಪ್ರಿಲ್ 4 ಎಂಬ ದಿನವನ್ನು ಆರಿಸಿದವಳೂ ಅವಳೇ. 1948ರಲ್ಲಿ ಅದೇ ದಿನ ಅರ್ಲ್ ಶೇಫರ್ ಎಂಬ 29 ವರ್ಷದ ಯುವಕ ಉತ್ತರದತ್ತ ನಡೆಯಲಾರಂಭಿಸಿದ್ದ. ಆಗ ದಾರಿಯ ದಕ್ಷಿಣ ತುದಿ ಇನ್ನೂ ಕೆಳಗಿನ ಓಗಲ್‌ಥಾರ್ಪ್ ಬೆಟ್ಟದಲ್ಲಿತ್ತು. 124ನೆಯ ದಿನ, ಆಗಸ್ಟ್ 5ರಂದು ಕಟಾಡಿನ್ ತಲುಪಿ, ಇಡೀ ದಾರಿಯನ್ನು ಒಂದೇ ಯಾನದಲ್ಲಿ ಕ್ರಮಿಸಿದವರಲ್ಲಿ ಮೊದಲಿಗನೆಂದು ದಾಖಲಾದ. ಎರಡನೆಯ ಮಹಾಯುದ್ಧದಿಂದ ಮರಳಿದ್ದ ಸೈನಿಕ ಆತ. ಯುದ್ಧ ಮುಗಿದ ಮೇಲೆ ಈ ದಾರಿಯನ್ನು ಒಟ್ಟಿಗೆ ನಡೆಯಬೇಕೆಂದು ಅವನೂ ಬಾಲ್ಯದ ಗೆಳೆಯ ವಾಲ್ಟರ್ ವೈನ್‌ಮಿಲರ್‌ನೂ ಮಾತಾಡಿಕೊಂಡಿದ್ದರು. ವೈನ್‌ಮಿಲರ್ ಇವೋ ಜಿಮಾ ದ್ವೀಪದ ಕಾಳಗದಲ್ಲಿ ಮಡಿದ. ಶೇಫರ್ ಒಬ್ಬನೇ ನಡೆದ. ಮುಂದೆ 1965ರಲ್ಲಿ ಉತ್ತರದಿಂದ ದಕ್ಷಿಣಕ್ಕೆ, 1998ರಲ್ಲಿ 79ರ ವಯಸ್ಸಿನಲ್ಲಿ ಮತ್ತೆ ದಕ್ಷಿಣದಿಂದ ಉತ್ತರಕ್ಕೆ ನಡೆದ. ‘ಅವನಿಗೆ ಜೊತೆಗಾರ ಸಿಗಲಿಲ್ಲ, ನಮಗೆ ಸಿಕ್ಕಿದೆ’ ಎಂದು ಗೆಳತಿ ಮೊದಲ ಹೆಜ್ಜೆಯಿಡುವಾಗ ಹೇಳಿದಳು. ಆ ಮಾತು ಎರಡೇ ವಾರಗಳಲ್ಲಿ ನನ್ನನ್ನು ಕಾಡಲಿದೆ ಎಂದು ತಿಳಿದಿರಲಿಲ್ಲ.

ಅಪಲೇಶಿಯನ್ ವಸಂತವನ್ನು ನಮ್ಮ ಚೈತ್ರದೊಡನೆ ಹೋಲಿಸಲಾಗದು. ನಮ್ಮಲ್ಲಿ ಹೊಂಗೆ ಚಿಗುರುವಾಗ ಬಿಸಿಲು ಸುಡುತ್ತಿರುತ್ತದೆ. ಅಲ್ಲಿ ಏಪ್ರಿಲ್ ಮೊದಲ ವಾರವೂ ಕಾಡು ಬೋಳು ಬೋಳಾಗಿರುತ್ತದೆ. ರಾತ್ರಿ ಬಾಟಲಿಯ ನೀರು ಹೆಪ್ಪುಗಟ್ಟುವಷ್ಟು ಚಳಿ. ಆದರೆ ನೆಲ ನೋಡಿದರೆ ಬೇರೆಯೇ ಕಥೆ. ಮೇಲಿನ ಮರಗಳು ಎಲೆ ಬಿಟ್ಟು ನೆರಳು ಕವಿಯುವ ಮುನ್ನ ನೆಲಕ್ಕೆ ಬಿಸಿಲು ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಚಿಗುರಿ, ಹೂಬಿಟ್ಟು, ಬೀಜ ಕಟ್ಟಿ, ಮತ್ತೆ ಮಣ್ಣಿಗೆ ಸರಿಯುವ ಪುಟ್ಟ ಗಿಡಗಳು ಅಲ್ಲಿ ಹೇರಳ. ಮೂರೆಲೆ, ಮೂರೆಸಳಿನ ಟ್ರಿಲಿಯಮ್ ಅವುಗಳಲ್ಲೊಂದು. ಹಸಿರು ಕಣಿವೆಯಿಂದ ದಿನಕ್ಕಿಷ್ಟು ಎಂದು ಬೆಟ್ಟ ಹತ್ತುತ್ತದೆ. ಕೆಳಗಿಳಿದಾಗ ವಸಂತ, ಮೇಲೇರಿದಾಗ ಮತ್ತೆ ಶಿಶಿರ. ಒಂದೇ ದಿನದಲ್ಲಿ ಎರಡೆರಡು ಸಲ ಋತು ಬದಲಾಗುವುದನ್ನು ನಾವು ಕಂಡೆವು.

ನಮ್ಮ ಬೆನ್ನುಚೀಲಗಳಲ್ಲಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇದ್ದವು. ಹಗುರ, ಕೆಡುವುದಿಲ್ಲ, ಬೇಯಿಸುವ ಅಗತ್ಯವಿಲ್ಲ. ಪೊಟ್ಟಣದ ನೂಡಲ್ಸ್ ನಂಬಿ ಬಂದಿದ್ದ ಹುಡುಗರಿಗೆ ನಮ್ಮ ಚಟ್ನಿಪುಡಿಯ ಘಮ ವಿಸ್ಮಯವಾಯಿತು. ಈ ದಾರಿಯಲ್ಲಿ ಯಾರೂ ಸ್ವಂತ ಹೆಸರಿನಿಂದ ಕರೆಸಿಕೊಳ್ಳುವುದಿಲ್ಲ. ಸಹಚಾರಣಿಗರು ಇಟ್ಟ ಅಡ್ಡಹೆಸರೇ ಚಲಾವಣೆಯಲ್ಲಿರುತ್ತದೆ. ಮೂರನೆಯ ದಿನಕ್ಕೆ ಗೆಳತಿ ‘ಚಟ್ನಿ’ಯಾದಳು, ನಾನು ‘ಪೌಡರ್’ ಆದೆ. ರಾತ್ರಿ ತಂಗಲು ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ಮರದ ಚಾವಡಿಗಳಿವೆ. ದಾರಿಯುದ್ದಕ್ಕೂ ಇಂಥವು 250ಕ್ಕೂ ಹೆಚ್ಚು. ಆಹಾರವನ್ನು ಕರಡಿಗೆ ಎಟುಕದಂತೆ ಎತ್ತರಕ್ಕೆ ಕಟ್ಟಿ, ಅಪರಿಚಿತರ ಸಾಲಿನಲ್ಲಿ ಮಲಗಿ, ಆರೂವರೆಗೆಲ್ಲ ಎದ್ದು ಹೊರಡುವುದು ದಿನಚರಿ.

ಹೊರಟ ಐದನೆಯ ದಿನ, ಸುಮಾರು 50 ಕಿ.ಮೀ. ದೂರದ ನೀಲ್ ಗ್ಯಾಪ್ ಎಂಬ ಕಣಿವೆಗೆ ಇಳಿದೆವು. ಟಾರು ರಸ್ತೆಯ ಪಕ್ಕದಲ್ಲಿ ಕಲ್ಲಿನ ಹಳೆಯ ಕಟ್ಟಡ. ಚಾರಣದ ದಾರಿ ಆ ಕಟ್ಟಡದ ಮಧ್ಯದಿಂದಲೇ ಹಾಯುತ್ತದೆ. ಎದುರಿನ ಮರದ ತುಂಬ ಹಳೆಯ ಬೂಟುಗಳು ನೇತಾಡುತ್ತಿದ್ದವು. ಸಾಕೆಂದು ಇಲ್ಲಿಂದಲೇ ಮನೆಗೆ ಹಿಂತಿರುಗುವವರು ಬಹಳ ಮಂದಿ. ‘ನೀನೇನಾದರೂ ಬೂಟು ಎಸೆಯುವ ಯೋಚನೆಯಲ್ಲಿದ್ದೀಯಾ?’ ಎಂದು ಗೆಳತಿ ನಕ್ಕಳು. ‘ನೀನು ಎಸೆದರೆ ನಾನೂ’ ಎಂದೆ. ತಮಾಷೆಗೆ ಹೇಳಿದ ಮಾತೇ ಆದರೂ ಅದು ನನ್ನ ಇಡೀ ಬದುಕಿನ ಮಾತೂ ಆಗಿತ್ತು.

ಜಾರ್ಜಿಯಾದ ಗಡಿ ದಾಟಿ ನಾರ್ತ್ ಕ್ಯಾರೊಲಿನಾ ಹೊಕ್ಕೆವು. 160ನೆಯ ಕಿ.ಮೀ. ಹೊತ್ತಿಗೆ ಆಲ್ಬರ್ಟ್ ಬೆಟ್ಟದ ಕಡಿದಾದ ಬಂಡೆ ಏರು ಸಿಗುತ್ತದೆ; ಕೈಯೂರಿ ಹತ್ತಬೇಕು. ಹತ್ತಿದೆವು. ಇಳಿಯುವಾಗ ಗೆಳತಿಯ ಎಡ ಮೊಣಕಾಲು ಮಾತು ಕೇಳಲಿಲ್ಲ. ಮುಂದಿನ ಸುಮಾರು 16 ಕಿ.ಮೀ.ಗೆ ಎರಡು ದಿನ ಹಿಡಿಯಿತು. ವೈಂಡಿಂಗ್ ಸ್ಟೇರ್ ಗ್ಯಾಪ್ ಎಂಬಲ್ಲಿ ಹೆದ್ದಾರಿ ಸಿಕ್ಕಾಗ ಮೊಣಕಾಲು ತೆಂಗಿನಕಾಯಿಯಂತೆ ಊದಿತ್ತು. ಹತ್ತಿರದ ಫ್ರಾಂಕ್ಲಿನ್ ಪಟ್ಟಣದಲ್ಲಿ ತೋರಿಸಿದೆವು. ಸವೆದ ಕೀಲು, ಈ ವರ್ಷ ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಇಳಿಯುವಂತಿಲ್ಲ ಎಂದು ವೈದ್ಯರು ಹೇಳಿದರು.

‘ನೀನು ಮುಂದೆ ಹೋಗು’ ಎಂದಳು ಗೆಳತಿ. ‘ನಿನ್ನನ್ನು ಬಿಟ್ಟು ಹೇಗೆ ಹೋಗಲಿ? ಇಬ್ಬರೂ ಬಂದವರು, ಇಬ್ಬರೂ ಹಿಂತಿರುಗೋಣ’ ಎಂದೆ. ನನ್ನ ದನಿಯಲ್ಲಿ ತ್ಯಾಗದ ಗಾಂಭೀರ್ಯವಿತ್ತು. ಅವಳ ಗಂಡ ಬಂದು ಕಾರಿನಲ್ಲಿ ಕರೆದೊಯ್ದರು. ಮೂರು ಗಂಟೆಯ ಪ್ರಯಾಣದುದ್ದಕ್ಕೂ ಅವಳು ಮಾತಾಡಲಿಲ್ಲ. ನೋವಿರಬೇಕು ಎಂದುಕೊಂಡೆ. ಎರಡು ದಿನ ಕಳೆದ ಮೇಲೆ, ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಕಾಲನ್ನು ಕುರ್ಚಿಯ ಮೇಲೆ ಚಾಚಿ ಕುಳಿತಿದ್ದವಳು ಶಾಂತವಾಗಿಯೇ ಹೇಳಿದಳು: ‘ನನ್ನ ಮೊಣಕಾಲನ್ನು ನಿನ್ನ ನೆವ ಮಾಡಿಕೊಳ್ಳಬೇಡ ಕಣೇ. ನನಗೆ ನೋವಾಗಿದೆ, ನಿಂತೆ. ನಿನಗೆ ಹೆದರಿಕೆಯಾಗಿದೆ. ಹಾಗಂತ ಹೇಳು, ಸಾಕು. ನನಗೋಸ್ಕರ ನಿಂತೆ ಅಂತ ಮಾತ್ರ ಹೇಳಬೇಡ.’

ನನಗೆ ಸಿಟ್ಟು ಬಂತು. ಸ್ನೇಹಕ್ಕೆ ಇದೇನಾ ಬೆಲೆ ಎನಿಸಿತು. ಆ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಬೇರೆ ಲೆಕ್ಕಗಳು ತೆರೆದುಕೊಂಡವು. ಬ್ಯಾಂಕಿನಲ್ಲಿ ಎರಡು ಬಾರಿ ಬಡ್ತಿಯ ಅವಕಾಶ ಬಂದಿತ್ತು. ಎರಡೂ ಬಾರಿ ವರ್ಗಾವಣೆಯ ಷರತ್ತಿತ್ತು. ಮೊದಲ ಸಲ ಮಕ್ಕಳ ಓದು ಎಂದೆ, ಎರಡನೆಯ ಸಲ ಅತ್ತೆಯವರ ಆರೋಗ್ಯ ಎಂದೆ. ಎರಡೂ ಸುಳ್ಳಲ್ಲ. ಹೆಂಗಸರ ನೌಕರಿಯ ಹಾದಿಯಲ್ಲಿ ಈ ಅಡ್ಡಿಗಳು ಎಷ್ಟು ನಿಜವೆಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ ‘ನೀನು ಹೋಗು, ನಾವು ನೋಡಿಕೊಳ್ಳುತ್ತೇವೆ’ ಎಂದು ಮನೆಯವರು ಎರಡನೆಯ ಸಲ ನಿಜವಾಗಿಯೂ ಹೇಳಿದ್ದರು. ಹೊಸ ಊರಿನ ಹೊಸ ಕುರ್ಚಿಯ ಭಯವನ್ನು ನಾನು ಅತ್ತೆಯವರ ಸಕ್ಕರೆ ಕಾಯಿಲೆಯ ಹಿಂದೆ ಬಚ್ಚಿಟ್ಟಿದ್ದೆ. ಪಾಪ, ಅವರು ಸಾಯುವವರೆಗೂ ‘ನನ್ನಿಂದ ನಿನ್ನ ಬಡ್ತಿ ಹೋಯಿತು’ ಎಂದು ನೊಂದುಕೊಳ್ಳುತ್ತಿದ್ದರು. ನಾನು ಅದನ್ನು ಅಲ್ಲಗಳೆಯಲಿಲ್ಲ. ನಮ್ಮ ಅಂಜಿಕೆಗೆ ಇನ್ನೊಬ್ಬರ ಹೆಸರಿಟ್ಟಾಗ ಋಣದ ಭಾರ ಅವರ ತಲೆಗೆ ಹೋಗುತ್ತದೆ. ಗೆಳತಿ ಆ ಭಾರ ಹೊರಲು ಒಪ್ಪಲಿಲ್ಲ, ಅಷ್ಟೇ.

ಏಪ್ರಿಲ್ 24ರಂದು ಅದೇ ವೈಂಡಿಂಗ್ ಸ್ಟೇರ್ ಗ್ಯಾಪಿನಲ್ಲಿ ಅವಳ ಗಂಡ ನನ್ನನ್ನು ಇಳಿಸಿ ಹೋದರು. ಕಾರು ತಿರುವಿನಲ್ಲಿ ಮರೆಯಾದಾಗ ಹೊಟ್ಟೆಯೊಳಗೆ ಕಲ್ಲು ಇಟ್ಟಂತಾಯಿತು. ನಮ್ಮೂರಿನ ಕೆರೆ ಏರಿಯ ಮೇಲೆ ಸಂಜೆ ಏಳರ ನಂತರ ಒಬ್ಬಳೇ ನಡೆಯಲು ಅಂಜುವವಳು ನಾನು. ಈ ಕಾಡಿನಲ್ಲಿ ಅಪರಾಧವೇ ಇಲ್ಲವೆಂದಲ್ಲ. 2019ರ ಮೇ ತಿಂಗಳಿನಲ್ಲಿ ಇದೇ ದಾರಿಯ ವರ್ಜೀನಿಯಾ ಭಾಗದಲ್ಲಿ ಒಬ್ಬ ಚಾರಣಿಗನ ಕೊಲೆ ನಡೆದಿತ್ತು. ಅದನ್ನು ಓದಿಕೊಂಡೇ ಬಂದಿದ್ದೆ. ಧೈರ್ಯಕ್ಕೆ ನಾನು ನೆನೆದದ್ದು ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯನ್ನು. 11 ಮಕ್ಕಳ ತಾಯಿ, ವರ್ಷಗಟ್ಟಲೆ ಗಂಡನ ಹೊಡೆತ ತಿಂದು ಕೊನೆಗೆ ವಿಚ್ಛೇದನ ಪಡೆದ ಹೆಂಗಸು. 1954ರಲ್ಲಿ ಮೇಯ್ನ್ ತುದಿಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಹಿಂತಿರುಗಿದ್ದರು. 1955ರಲ್ಲಿ, 67ರ ವಯಸ್ಸಿನಲ್ಲಿ, ಕ್ಯಾನ್‌ವಾಸ್ ಬೂಟು ತೊಟ್ಟು, ತಾವೇ ಹೊಲಿದ ಚೀಲವನ್ನು ಹೆಗಲಿಗೆ ಹಾಕಿ, ಡೇರೆಯ ಬದಲು ಸ್ನಾನದ ಮನೆಯ ಪರದೆಯನ್ನು ಹಿಡಿದು, ಇಡೀ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಈ ದಾರಿಯನ್ನು ಹಾಗೆ ಒಂಟಿಯಾಗಿ ಪೂರೈಸಿದ ಮೊದಲ ಮಹಿಳೆ ಅವರು. ಮೊದಲ ಸಲ ಸೋತಾಗ ಅವರು ಯಾರ ಮೇಲೂ ಹೊರಿಸಲಿಲ್ಲ. ಮರುವರ್ಷ ಮತ್ತೆ ಹೊರಟರು.

ದಾರಿಯಲ್ಲಿ ಮತ್ತೆ ಸಿಕ್ಕ ಪರಿಚಿತರೆಲ್ಲರ ಮೊದಲ ಪ್ರಶ್ನೆ, ‘ಚಟ್ನಿ ಎಲ್ಲಿ?’ ಉತ್ತರಿಸುವುದು ಮೊದಮೊದಲು ಕಷ್ಟವಾಯಿತು. ಮೂರನೆಯ ದಿನ ನಾಂಟಹೇಲಾ ನದಿಗೆ ಇಳಿದೆ. ಅಲ್ಲಿ ದಾರಿ ರಸ್ತೆಯನ್ನು ಸಂಧಿಸುತ್ತದೆ. ಸೇತುವೆಯ ಬಳಿ ಮಡಚುವ ಕುರ್ಚಿಯಲ್ಲಿ, ಕಾಲಿಗೆ ಪಟ್ಟಿ ಬಿಗಿದುಕೊಂಡು, ಸ್ಟೀಲಿನ ಡಬ್ಬಿಯೊಂದಿಗೆ ಗೆಳತಿ ಕುಳಿತಿದ್ದಳು. ಡಬ್ಬಿಯಲ್ಲಿ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಹಿಂದೆಯೇ ಬಂದ ನಾಲ್ಕಾರು ಹುಡುಗರಿಗೂ ಬಡಿಸಿದಳು. ಹೀಗೆ ಅನಿರೀಕ್ಷಿತವಾಗಿ ಒದಗುವ ಉಪಚಾರಕ್ಕೆ ಅಲ್ಲಿಯವರು ‘ದಾರಿಯ ಮಾಯೆ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವ ಊರವರನ್ನು ಕಂಡ ನಮಗೆ ಇದು ಹೊಸದಲ್ಲ. ಅಲ್ಲಿಂದ ಮುಂದೆ ಹತ್ತು ಹನ್ನೆರಡು ದಿನಕ್ಕೊಮ್ಮೆಯಾದರೂ ಅವಳ ಕಾರು ಯಾವುದಾದರೂ ರಸ್ತೆಯಂಚಿನಲ್ಲಿ ಕಾದಿರುತ್ತಿತ್ತು.

ಮೇ ಮೊದಲ ವಾರ, 146 ಮೀಟರ್ ಎತ್ತರದ ಫಾಂಟಾನಾ ಅಣೆಕಟ್ಟಿನ ಮೇಲೆ ನಡೆದು ಗ್ರೇಟ್ ಸ್ಮೋಕಿ ಪರ್ವತಗಳನ್ನು ಹೊಕ್ಕೆ. ವಸಂತ ಮುಗಿಯುತ್ತ ಬಂದಿದ್ದರೂ ಅಲ್ಲಿ ಹಿಮ ಬಿತ್ತು. ಅಲ್ಲಿನ ಅತ್ಯುನ್ನತ ಶಿಖರ 2,025 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 100 ಮೀಟರ್ ಹೆಚ್ಚು. ನಾನು ಹತ್ತಿದಾಗ ಅದರ ಹೆಸರು ಕ್ಲಿಂಗ್‌ಮನ್ಸ್ ಡೋಮ್. 2024ರಲ್ಲಿ ಚೆರೋಕಿ ಮೂಲನಿವಾಸಿಗಳ ಕೋರಿಕೆಯಂತೆ ಅವರ ಭಾಷೆಯ ಹೆಸರಾದ ಕುವೋಹಿ ಅದಕ್ಕೆ ಮರಳಿತು. ಶಿಖರದಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಯಾರನ್ನೂ ಕೇಳದೆ, ಯಾರ ಹಿಂದೆಯೂ ಹೋಗದೆ ನಾನೊಬ್ಬಳೇ ಹತ್ತಿದ ಮೊದಲ ಬೆಟ್ಟ ಅದು ಎಂಬುದು ಮಾತ್ರ ನೆನಪಾಯಿತು.

ಈ ದಾರಿ ಹುಟ್ಟಿದ ಬಗೆಯನ್ನೂ ಹೇಳಬೇಕು. ಬೆಂಟನ್ ಮಕೈ ಎಂಬ ಅರಣ್ಯತಜ್ಞ ಇದರ ಕಲ್ಪನೆಯನ್ನು ಲೇಖನವೊಂದರಲ್ಲಿ ಮಂಡಿಸಿದ್ದು 1921ರ ಅಕ್ಟೋಬರಿನಲ್ಲಿ, ಪತ್ನಿಯನ್ನು ಕಳೆದುಕೊಂಡು ಆರು ತಿಂಗಳಾಗುವಷ್ಟರಲ್ಲಿ. ನಗರದ ಯಂತ್ರಬದುಕಿನಿಂದ ಬಳಲಿದವರಿಗೆ ನಡೆಯಲೊಂದು ಜಾಗ ಬೇಕೆಂಬುದು ಅವರ ವಾದ. ಸ್ವಯಂಸೇವಕರು 1937ರ ವೇಳೆಗೆ ದಾರಿಯನ್ನು ಪೂರ್ತಿಗೊಳಿಸಿದರು. 1968ರಲ್ಲಿ ಕಾಯ್ದೆಯ ರಕ್ಷಣೆ ದೊರೆಯಿತು. ಮುಂದಿನ ದಶಕಗಳಲ್ಲಿ ಭೂಮಿ ಖರೀದಿಯಾಗುತ್ತ ಹೋಗಿ ಈಗ ಹೆಚ್ಚುಕಡಿಮೆ ಇಡೀ ದಾರಿ ಸಾರ್ವಜನಿಕ ನೆಲದಲ್ಲಿದೆ. ಇಂದಿಗೂ ಬಿದ್ದ ಮರ ಕತ್ತರಿಸುವುದು, ಚರಂಡಿ ತೋಡುವುದು, ಬಿಳಿ ಪಟ್ಟಿ ಬಳಿಯುವುದು ಸ್ಥಳೀಯ ಚಾರಣ ಸಂಘಗಳ ಸದಸ್ಯರೇ. ನಮ್ಮಲ್ಲಿ ನಡೆಯುವವರಿಗೆ ಬರವಿಲ್ಲ. ಧರ್ಮಸ್ಥಳಕ್ಕೆ, ಪಂಢರಪುರಕ್ಕೆ ನಡೆದು ಹೋಗುವವರ ಶ್ರದ್ಧೆ ಯಾವ ಚಾರಣಿಗನಿಗೂ ಕಡಿಮೆಯದಲ್ಲ. ಆದರೆ ಅವರು ನಡೆಯಬೇಕಾಗಿರುವುದು ಲಾರಿಗಳ ಪಕ್ಕದಲ್ಲಿ. ಕಾಡಿನ ದಾರಿಗಳ ಸ್ಥಿತಿ 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಾತ್ರೆಯಲ್ಲಿ ಕಂಡಿತು. ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿ, ಮುಂಗಡ ಕಾಯ್ದಿರಿಸುವಿಕೆಯನ್ನೂ ದಿನದ ಮಿತಿಯನ್ನೂ ತರಬೇಕಾಯಿತು. ಮಿತಿ ಅಗತ್ಯವೇ. ಅದರ ಜೊತೆಗೆ, ಒಂದು ದಾರಿಯನ್ನು ‘ಇದು ನಮ್ಮದು, ನಾವು ಕಾಯುತ್ತೇವೆ’ ಎನ್ನುವ ಊರಿನವರ ಸಂಘಗಳೂ ಅಷ್ಟೇ ಅಗತ್ಯ. ಒಬ್ಬ ಹೆಂಗಸು ಒಂಟಿಯಾಗಿ ನಡೆಯಬಲ್ಲ ಧೈರ್ಯ ಅವಳೊಬ್ಬಳಿಂದಲೇ ಬರುವುದಿಲ್ಲ. ಹಿಂದೆ ಮುಂದೆ ಸಿಗುವ ಜನ, ಗುರುತು ತಪ್ಪದ ದಾರಿ, ರಾತ್ರಿಗೊಂದು ಸೂರು ಇವೆಲ್ಲ ಸೇರಿ ಆ ಧೈರ್ಯ.

ಜೂನ್ 7ರಂದು ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಪಟ್ಟಣಕ್ಕೆ ಕಾಲಿಟ್ಟೆ. ಸ್ಪ್ರಿಂಗರ್‌ನಿಂದ 758 ಕಿ.ಮೀ. ದಾರಿ ಊರಿನ ಬೀದಿಯಲ್ಲೇ ಸಾಗುತ್ತದೆ. ವಸಂತ ಮುಗಿದು ಸೆಕೆ ಶುರುವಾಗಿತ್ತು. ಕಾಲ ಬೆರಳುಗಳ ಎರಡು ಉಗುರು ಹೋಗಿದ್ದವು. ಇನ್ನೂ ಮುಕ್ಕಾಲು ಪಾಲು ದಾರಿ ಉಳಿದಿತ್ತು, ವೀಸಾದಲ್ಲಿ ದಿನಗಳೂ ಉಳಿದಿದ್ದವು. ಒಂದು ದಿನ ಪೂರ್ತಿ ಬೆಂಚಿನ ಮೇಲೆ ಕುಳಿತು ಯೋಚಿಸಿ ಗೆಳತಿಗೆ ಫೋನು ಮಾಡಿದೆ. ‘ಇಲ್ಲಿಗೆ ನಿಲ್ಲಿಸುತ್ತೇನೆ ಕಣೇ’ ಎಂದೆ. ‘ಯಾಕೆ?’ ‘ಸಾಕು ಅನ್ನಿಸಿತು. ಮನೆಗೆ ಹೋಗಬೇಕು ಅನ್ನಿಸಿತು.’ ಉಗುರಿನ ವಿಷಯ ಹೇಳಲಿಲ್ಲ. ಆ ಕಡೆ ಒಂದು ಕ್ಷಣ ಮೌನ. ‘ಈಗ ಸರಿಯಾಗಿ ಹೇಳಿದೆ. ಅಲ್ಲೇ ಇರು, ಬರುತ್ತೇನೆ’ ಎಂದಳು.

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಆ ಬೆಟ್ಟಸೀಮೆಯನ್ನು ಹಣ್ಣು ಮಾಡಿತು. ಡಮಾಸ್ಕಸ್‌ನ ಬೀದಿಗಳಿಗೆ ನೀರು ನುಗ್ಗಿತು. ನಾನು ನಡೆದ ಕಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಮರಗಳು ಉರುಳಿದವು. ಸ್ವಯಂಸೇವಕರು ಗರಗಸ ಹಿಡಿದು ಹೊರಟು, ಮರುವರ್ಷದ ವಸಂತದ ಹೊತ್ತಿಗೆ ಬಹುಭಾಗ ದಾರಿಯನ್ನು ಮತ್ತೆ ತೆರೆದರು. ಗೆಳತಿಗೆ ಈಗಲೂ ಹೊರೆ ಹೊತ್ತು ಬೆಟ್ಟ ಇಳಿಯಲಾಗದು. ಆದರೆ ರಸ್ತೆಗೆ ಸಮೀಪದ ಭಾಗಗಳಲ್ಲಿ ಕೆಲಸ ಮಾಡುವ ಒಂದು ತಂಡವನ್ನು ಅವಳು 2025ರಲ್ಲಿ ಸೇರಿಕೊಂಡಳು. ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಚಿತ್ರ ಕಳಿಸಿದಳು. ಓಕ್ ಮರದ ಕಾಂಡ, ಅದರ ಮೇಲೆ ಇನ್ನೂ ಒಣಗದ ಬಿಳಿ ಪಟ್ಟಿ, ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದ ಅವಳ ಕೈ. ಕೆಳಗೆ ಬರೆದಿದ್ದಳು: ‘ಸ್ವಲ್ಪ ಓರೆಯಾಗಿದೆ. ನನ್ನ ಮೊಣಕಾಲಿನ ತಪ್ಪಲ್ಲ, ಕೈಯದೇ.’